ಕುದೇರಿನಿಂದ ವಿಧಾನಸೌಧದ ಮೆಟ್ಟಿಲವರೆಗೆ

2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಸೀಮೆಯ ಕುದೇರಿನ ನೆರೆಯ ಸಂತೇಮರಹಳ್ಳಿ ಕ್ಷೇತ್ರದ ಮತ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಿದ್ದಿದ್ದವು. ಒಂದೇ ಒಂದು ಮತದ ಅಂತರ. ಒಬ್ಬರು ಬೆಂಗಳೂರಿಗೆ ಹೋಗಿ ವಿಧಾನಸೌಧದಲ್ಲಿ ಕುಳಿತರು, ಇನ್ನೊಬ್ಬರು ಊರಲ್ಲೇ ಉಳಿದರು. ಸೋತವರು ಆಲೂರಿನ ಬಿ. ರಾಚಯ್ಯನವರ ಮಗ. ರಾಚಯ್ಯನವರು ಅದೇ ಸೌಧದಲ್ಲಿ ವರ್ಷಗಟ್ಟಲೆ ಶಾಸಕರಾಗಿ, ಹಲವು ಸಂಪುಟಗಳಲ್ಲಿ ಸಚಿವರಾಗಿ ದುಡಿದು, ಮುಂದೆ ಹಿಮಾಚಲ ಪ್ರದೇಶಕ್ಕೂ ಕೇರಳಕ್ಕೂ ರಾಜ್ಯಪಾಲರಾದವರು. ಚಾಮರಾಜನಗರ ಸೀಮೆಯಲ್ಲಿ ಮತದ ಬೆಲೆಯ ಮಾತು ಬಂದಾಗಲೆಲ್ಲ ಈ ಚುನಾವಣೆಯ ಪ್ರಸ್ತಾಪ ಬರುತ್ತದೆ.

ಒಂದು ಮತಕ್ಕೆ ಅಷ್ಟು ಬೆಲೆ ಬಂದದ್ದು ಒಂದೇ ದಿನದಲ್ಲಲ್ಲ. ಈ ಕಡೆಯ ಊರುಗಳ ಮಾತು ರಾಜ್ಯದ ಸಭೆಯವರೆಗೆ ಮುಟ್ಟಲು ಮುಕ್ಕಾಲು ಶತಮಾನ ಹಿಡಿಯಿತು. ಆ ಸಭೆಗೆ ತಕ್ಕ ಕಲ್ಲಿನ ಮನೆ ಸಿಕ್ಕಿದ್ದು 1956ರಲ್ಲಿ. ನಮ್ಮ ಶಾಸಕಾಂಗದ ಕಟ್ಟಡದ ಚರಿತ್ರೆಯನ್ನು ಸಾಮಾನ್ಯವಾಗಿ ಬೆಂಗಳೂರಿನ ಕಣ್ಣಿನಿಂದ ಬರೆಯುತ್ತಾರೆ. ರಾಜ್ಯದ ದಕ್ಷಿಣ ಅಂಚಿನ ಈ ಸೀಮೆಯಿಂದ ನೋಡಿದರೆ ಆ ಚರಿತ್ರೆಯಲ್ಲಿ ಬೇರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ.

ಕಥೆ ಮೈಸೂರಿನಿಂದ ಶುರುವಾಗುತ್ತದೆ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು 1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಸೇರಿತು. ಆ ವರ್ಷದ ಆಗಸ್ಟ್‌ನಲ್ಲಿ ಹತ್ತನೆಯ ಚಾಮರಾಜ ಒಡೆಯರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸುವ ಆಜ್ಞೆ ಹೊರಡಿಸಿದರು. ಅದರ ಹಿಂದಿನ ಬುದ್ಧಿ ದಿವಾನ್ ಸಿ. ರಂಗಾಚಾರ್ಲು ಅವರದು. ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಜನ ಪ್ರತಿನಿಧಿಗಳೊಡನೆ ಮೊದಲ ಸಭೆ ಸೇರಿತು. ತಾಲ್ಲೂಕುಗಳಿಂದ ರೈತರು, ವರ್ತಕರು ಬಂದಿದ್ದರು. ದಿವಾನರು ಸಂಸ್ಥಾನದ ಆಯವ್ಯಯ, ಮಳೆ ಬೆಳೆ, ರಸ್ತೆ ಕೆರೆಗಳ ವರದಿ ಓದಿದರು. ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕಷ್ಟಗಳನ್ನು ಹೇಳಿಕೊಂಡರು.

ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಆಯವ್ಯಯವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಅಲ್ಲಿದ್ದವರು ಹೆಚ್ಚಾಗಿ ಜಮೀನು ಉಳ್ಳವರು, ಹಣ ಉಳ್ಳವರು. ಗದ್ದೆಯಲ್ಲಿ ದುಡಿಯುವ ಕೂಲಿಯವರಿಗಾಗಲಿ ಹೆಂಗಸರಿಗಾಗಲಿ ಅಲ್ಲಿ ಜಾಗ ಇರಲಿಲ್ಲ. ಆದರೂ ನನಗೆ ಅದು ಸಣ್ಣ ಸಂಗತಿ ಅನ್ನಿಸುವುದಿಲ್ಲ. ರಾಜನ ಮುಂದೆ ತಲೆಬಾಗಿ ನಿಂತು ಅರ್ಜಿ ಕೊಡುವುದೇ ರೂಢಿಯಾಗಿದ್ದ ಕಾಲದಲ್ಲಿ ತಾಲ್ಲೂಕಿನ ಒಬ್ಬ ಮನುಷ್ಯ ದಿವಾನರ ಎದುರು ಕುಳಿತು, ನಮ್ಮ ಕೆರೆಯ ತೂಬು ಒಡೆದಿದೆ, ಯಾಕೆ ಕಟ್ಟಿಸಿಲ್ಲ ಎಂದು ಕೇಳಬಹುದಾಯಿತು. ಭಾರತದ ದೇಶೀ ಸಂಸ್ಥಾನಗಳಲ್ಲಿ ಇಂಥ ಸಭೆ ಮೊದಲು ಬಂದದ್ದು ಇಲ್ಲೇ.

ಚಾಮರಾಜನಗರ, ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಈ ಕಡೆಯಿಂದ ಮೈಸೂರಿಗೆ ಹೋಗಲು ಎತ್ತಿನ ಗಾಡಿಯೇ ಗತಿ. ನಂಜನಗೂಡಿಗೆ ರೈಲು ಬರಲು ಇನ್ನೂ ಹತ್ತು ವರ್ಷ ಬಾಕಿ ಇತ್ತು. ಕಪಿಲೆಯನ್ನು ದಾಟಲು 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ನಂಜನಗೂಡಿನ ಕಲ್ಲಿನ ಸೇತುವೆ ಇತ್ತು. ಅಲ್ಲಿಂದ ಮುಂದೆ ಚಾಮುಂಡಿ ಬೆಟ್ಟದ ತಪ್ಪಲು ಬಳಸಿಕೊಂಡು ಊರು ಸೇರಬೇಕು. ಸಭೆಗೆ ಹೊರಟವನಿಗೆ ದಸರೆಯ ಜಂಬೂ ಸವಾರಿಯ ದರ್ಶನವೂ ಆಗುತ್ತಿತ್ತು.

ಮುಂದೆ 1907ರಲ್ಲಿ ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ ನ್ಯಾಯವಿಧಾಯಕ ಸಭೆ ಬಂತು. ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಅದರ ಮೊದಲ ಕಲಾಪ ನಡೆಯಿತು. 1923ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಯಂತೆ ಎರಡೂ ಸಭೆಗಳಿಗೆ ಕಾನೂನಿನ ಬಲ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. 1949ರ ಡಿಸೆಂಬರಿನಲ್ಲಿ ಹಳೆಯ ಎರಡೂ ಸಭೆಗಳು ರದ್ದಾದವು. 1952ರಲ್ಲಿ ವಯಸ್ಕರೆಲ್ಲರ ಮತದಿಂದ ಆರಿಸಿಬಂದ 99 ಸದಸ್ಯರ ವಿಧಾನಸಭೆ ಜೂನ್ 18ರಂದು ಬೆಂಗಳೂರಿನಲ್ಲಿ ಸೇರಿತು.

ಸೇರಿದ್ದು ಅಠಾರಾ ಕಚೇರಿಯಲ್ಲಿ. ಈಗ ಹೈಕೋರ್ಟ್ ಇರುವ ಆ ಕೆಂಪು ಕಟ್ಟಡ ಕಮಿಷನರುಗಳ ಕಾಲದ್ದು, 1868ರಲ್ಲಿ ಮುಗಿದದ್ದು. ಉದ್ದನೆಯ ಕಂಬಸಾಲು, ಯುರೋಪಿನ ಶಾಸ್ತ್ರೀಯ ಶೈಲಿ. ಚಂದದ ಕಟ್ಟಡವೇ, ಆ ಮಾತಿಗೆ ಎರಡಿಲ್ಲ. ಆದರೆ ಅದನ್ನು ಕಟ್ಟಿದ್ದು ಆಳುವವರ ದಫ್ತರುಗಳಿಗಾಗಿ. ಜನ ಆರಿಸಿ ಕಳಿಸಿದವರು ಕುಳಿತು ವಾದಿಸಲು ಮಾಡಿದ ಜಾಗ ಅದಾಗಿರಲಿಲ್ಲ.

ಹೊಸ ಕಟ್ಟಡದ ಯೋಚನೆ ಕೆ.ಸಿ. ರೆಡ್ಡಿಯವರ ಕಾಲದಲ್ಲೇ ಇತ್ತು. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಆಗಿನ ನಕ್ಷೆ ಸರಳವಾಗಿತ್ತು, ಕೆಲಸಕ್ಕೆ ಸಾಕಾಗುವಷ್ಟು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟರು. ಹೊರದೇಶದ ನಿಯೋಗವೊಂದು ಬೆಂಗಳೂರನ್ನು ನೋಡಿ, ಇಲ್ಲಿರುವುದೆಲ್ಲ ಯುರೋಪಿನ ಮಾದರಿಯ ಕಟ್ಟಡಗಳು, ನಿಮ್ಮ ದೇಶದ್ದು ಎಲ್ಲಿ ಎಂದು ಕೇಳಿತಂತೆ, ಆ ಮಾತು ಕೆಂಗಲ್ಲರಿಗೆ ನಾಟಿತಂತೆ ಎಂಬ ಪ್ರಸಂಗ ಈಗಲೂ ಜನರ ಬಾಯಲ್ಲಿದೆ. ರಾಮನಗರದ ಕಡೆಯ ರೈತ ಕುಟುಂಬದಿಂದ ಬಂದ ವಕೀಲ ಅವರು. ಛಲದ ಮನುಷ್ಯ. ಕಟ್ಟಡ ಏಳುತ್ತಿದ್ದಾಗ ಕೆಲಸದ ಜಾಗಕ್ಕೆ ತಾವೇ ಬಂದು ಮೂಲೆಮೂಲೆ ನೋಡುತ್ತಿದ್ದರು.

ನಕ್ಷೆಯನ್ನು ರೂಪಿಸಿ ಕಟ್ಟಿಸಿದವರು ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಕಟ್ಟಡದ ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ನೆಲದ ಕೆಳಗೆ ಒಂದು ಅಂತಸ್ತು, ಮೇಲೆ ನಾಲ್ಕು. ಪೂರ್ವಕ್ಕೆ ಮುಖ ಮಾಡಿ, ಅಠಾರಾ ಕಚೇರಿಗೆ ಎದುರಾಗಿಯೇ ಅದನ್ನು ನಿಲ್ಲಿಸಿದರು. ನಡುವೆ ಈಗಿನ ಅಂಬೇಡ್ಕರ್ ಬೀದಿ. ರಸ್ತೆಯ ಒಂದು ಕಡೆ ಕಮಿಷನರುಗಳ ಕಾಲದ ಕೆಂಪು ಗೋಡೆ, ಇನ್ನೊಂದು ಕಡೆ ಬೂದುಬಣ್ಣದ ಕಲ್ಲಿನ ಹೊಸ ಸೌಧ. ಆ ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡಿದರೆ ಕೆಂಗಲ್ಲರು ಏನು ಹೇಳಲು ಹೊರಟಿದ್ದರು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಮೆಟ್ಟಿಲುಗಳಿಂದಲೇ ನೋಡಬೇಕು. ಇನ್ನೂರು ಅಡಿಗೂ ಮೀರಿದ ಅಗಲದ ನಲವತ್ತಕ್ಕೂ ಹೆಚ್ಚು ಮೆಟ್ಟಿಲುಗಳು ನೆಲದಿಂದ ನೇರ ಮೊದಲ ಮಹಡಿಯ ಮೊಗಸಾಲೆಗೆ ಏರುತ್ತವೆ. ಅಲ್ಲಿ 40 ಅಡಿ ಎತ್ತರದ ಹನ್ನೆರಡು ಕಂಬಗಳು. ಕೆಳಗೆ ಪೀಠ, ಮೇಲೆ ಬೋದಿಗೆ, ಅದರ ಮೇಲೆ ಮುಂಚಾಚಿದ ಕಪೋತ. ದೇವಸ್ಥಾನದ ಮುಖಮಂಟಪವನ್ನು ಕಂಡು ಬೆಳೆದವರಿಗೆ ಈ ಅಂಗಗಳೆಲ್ಲ ಪರಿಚಿತವೇ. ಛಾವಣಿಯ ನಡುವೆ 60 ಅಡಿ ವ್ಯಾಸದ ಗುಮ್ಮಟ, ಅದರ ತುದಿಯಲ್ಲಿ ಅಶೋಕ ಸ್ತಂಭದ ನಾಲ್ಕು ಸಿಂಹಗಳು. ಚಾಲುಕ್ಯ, ಹೊಯ್ಸಳ, ವಿಜಯನಗರದ ದೇವಾಲಯಗಳಿಂದ ತಂದ ಅಂಗಗಳ ಜೊತೆಗೆ ರಾಜಸ್ಥಾನದ ಝರೋಕಗಳೂ ಸೇರಿವೆ. ಶಿಲ್ಪಶಾಸ್ತ್ರ ಬಲ್ಲವರು ಇದನ್ನು ಬೆರಕೆ ಎಂದು ಟೀಕಿಸಿದ್ದುಂಟು. ಟೀಕೆ ತಪ್ಪಲ್ಲ. ಒಂದು ಶೈಲಿಗೆ ನಿಷ್ಠವಾದ ಕಟ್ಟಡ ಅದಲ್ಲ. ಆದರೆ ಹಳ್ಳಿಯಿಂದ ಮೊದಲ ಸಲ ಬಂದ ರೈತನಿಗೆ ಅಠಾರಾ ಕಚೇರಿಯ ಕಂಬದ ಮುಂದೆ ಆಗುವ ಪರಕೀಯ ಭಾವ ಇಲ್ಲಿ ಆಗುವುದಿಲ್ಲ. ಶೈಲಿಯ ಶುದ್ಧಿಗಿಂತ ಅದು ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕುದೇರಿನ ಸುತ್ತಮುತ್ತಲಿನವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹತ್ತಿರದ ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪ ನಮ್ಮವರು ಕಂಡದ್ದೇ. ಹದಿನಾಡಿನ ಅರಸರ ಕಾಲದ್ದು. ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ಸೇರಿ ಸರಪಳಿಯಾಗಿ ಮೂಲೆಗಳಲ್ಲಿ ಇಳಿಬಿದ್ದಿವೆ. ನರಸಮಂಗಲದ ರಾಮೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಗಾರೆಯ ಶಿಲ್ಪಗಳಿವೆ. ಚಾಮರಾಜನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯ ಕಂಬಸಾಲು ಇದೆ. ಕಲ್ಲು ಕಡೆಯುವ ಕೈಗಳಿಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಮೀರಿದ ಪಳಗಿಕೆ ಇದೆ. ಹಳೆಯ ಅರಸರು ಆ ಕೈಗಳಿಗೆ ಗುಡಿಯ ಕೆಲಸ ಕೊಟ್ಟಿದ್ದರು. ಕೆಂಗಲ್ಲರು ಶಾಸನಸಭೆಯ ಕೆಲಸ ಕೊಟ್ಟರು.

ಕೆಲಸಕ್ಕೆ ನಿಂತವರ ಲೆಕ್ಕವೂ ದೊಡ್ಡದು. ಐದು ಸಾವಿರಕ್ಕೂ ಹೆಚ್ಚು ಕೂಲಿಯಾಳುಗಳು, ಅವರಲ್ಲಿ ಬಹಳಷ್ಟು ಮಂದಿ ಜೈಲಿನ ಕೈದಿಗಳು. ಅವರಲ್ಲದೆ ಒಂದೂವರೆ ಸಾವಿರ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು. ಬೂದುಬಣ್ಣದ ಕಲ್ಲು ಬೆಂಗಳೂರಿನ ಸುತ್ತಲಿನ ಮಲ್ಲಸಂದ್ರ, ಹೆಸರಘಟ್ಟದ ಕಡೆಯದು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು. ಸಂಪುಟದ ಕೊಠಡಿಗೆ ಕೆತ್ತನೆಯ ಶ್ರೀಗಂಧದ ಬಾಗಿಲು. ಗಡಸು ಗ್ರಾನೈಟಿನಲ್ಲಿ ಹೂಬಳ್ಳಿ ಬಿಡಿಸುವುದು ಬೇಲೂರು ಹಳೇಬೀಡಿನ ಮೆದುಗಲ್ಲಿನಲ್ಲಿ ಬಿಡಿಸಿದಷ್ಟು ಸುಲಭವಲ್ಲ. ಉಳಿ ಮೊಂಡಾಗುತ್ತದೆ, ಚಕ್ಕೆ ಎಲ್ಲಿಂದೆಲ್ಲಿಗೋ ಹಾರುತ್ತದೆ, ಒಂದು ಪೆಟ್ಟು ತಪ್ಪಿದರೆ ಇಡೀ ಕಲ್ಲು ಹೋಯಿತು. ಆ ಕೈಗಳ ಹೆಸರುಗಳನ್ನು ಶಂಕುಸ್ಥಾಪನೆಯ ಕಲ್ಲಿನಷ್ಟು ಗೌರವದಿಂದ ಎಲ್ಲಾದರೂ ಕೆತ್ತಿಸಬೇಕಿತ್ತು.

ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದ್ದು ಕೆಂಗಲ್ಲರೇ. ಆ ಮಾತಿನಲ್ಲಿ ಅವರಿಗೆ ಪೂರ್ಣ ನಂಬಿಕೆ ಇತ್ತು.

ಖರ್ಚಿನ ಮಾತು ಎದ್ದೇ ಎದ್ದಿತು. ಸುಮಾರು 50 ಲಕ್ಷ ರೂಪಾಯಿಯ ಅಂದಾಜು ಏರುತ್ತಾ ಹೋಗಿ ಒಂದೂಮುಕ್ಕಾಲು ಕೋಟಿಯ ಹತ್ತಿರ ಬಂತು. ಆಹಾರದ ಕೊರತೆ ಇನ್ನೂ ನೀಗದ ದಿನಗಳು ಅವು. ಇಷ್ಟು ದುಡ್ಡಿನಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತು, ಎಷ್ಟು ಕೆರೆ ಹೂಳೆತ್ತಬಹುದಿತ್ತು ಎಂದು ಕೇಳಿದವರದು ನ್ಯಾಯವಾದ ಪ್ರಶ್ನೆಯೇ. ಒಂಬತ್ತು ಜಿಲ್ಲೆಗಳ ಸಣ್ಣ ರಾಜ್ಯಕ್ಕೆ ಇಷ್ಟು ದೊಡ್ಡ ಕಟ್ಟಡ ಯಾಕೆ ಎಂಬುದೂ ಕೇಳಬೇಕಾದದ್ದೇ. ವೆಚ್ಚದ ಬಗ್ಗೆ ತನಿಖೆಯೂ ನಡೆಯಿತು. ಸ್ವಪಕ್ಷದವರೇ ತಿರುಗಿಬಿದ್ದು 1956ರ ಆಗಸ್ಟ್‌ನಲ್ಲಿ ಕೆಂಗಲ್ಲರು ಅಧಿಕಾರ ಬಿಡಬೇಕಾಯಿತು. ಕಡಿದಾಳು ಮಂಜಪ್ಪನವರು ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿದಾಗ ಎಸ್. ನಿಜಲಿಂಗಪ್ಪನವರು ಬಂದರು. ಡಿಸೆಂಬರ್ 19ರಂದು ಹೊಸ ರಾಜ್ಯದ ವಿಧಾನಸಭೆ ಹೊಸ ಸೌಧದಲ್ಲಿ ಮೊದಲ ಬಾರಿ ಸೇರಿದಾಗ ಅದನ್ನು ಕಟ್ಟಿಸಿದವರು ಮುಖ್ಯಮಂತ್ರಿಯ ಕುರ್ಚಿಯಲ್ಲಿರಲಿಲ್ಲ.

ಒಂಬತ್ತು ಜಿಲ್ಲೆಗೆ ಇಷ್ಟು ದೊಡ್ಡದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ನವೆಂಬರಿನಲ್ಲೇ ಸಿಕ್ಕಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದರು. 1957ರ ಚುನಾವಣೆಯಲ್ಲಿ 208 ಸದಸ್ಯರು ಆರಿಸಿಬಂದರು. ಏಕೀಕರಣವಾದರೆ ಹಳೆಯ ಮೈಸೂರಿನ ಪ್ರಾಬಲ್ಯ ತಗ್ಗುತ್ತದೆ ಎಂದು ತಮ್ಮ ಸುತ್ತಲಿನ ಬಹಳ ಜನ ಹೆದರಿದ್ದಾಗಲೂ ಕೆಂಗಲ್ಲರು ಏಕೀಕರಣದ ಪರ ನಿಂತಿದ್ದರು. ಕಟ್ಟಡದ ಅಳತೆಯನ್ನೂ ಈ ನಿಲುವನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿ ಇದೆ. ಬೆಂಗಳೂರಿನವರು ಬರೆದ ಚರಿತ್ರೆಯಲ್ಲಿ ಅದು ಸಿಗುವುದು ಅಪರೂಪ. ಕುದೇರು, ಸಂತೇಮರಹಳ್ಳಿ, ಯಳಂದೂರು ಮೈಸೂರಿನವು. ಯಳಂದೂರು ದಾಟಿ ಸ್ವಲ್ಪ ದೂರ ಹೋದರೆ ಕೊಳ್ಳೇಗಾಲ. ಅದು 1956ರ ಅಕ್ಟೋಬರ್ ಕೊನೆಯವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಅದೇ ಕನ್ನಡ ಮಾತು, ಅದೇ ಮಾದಪ್ಪನ ಪರಸೆ, ಎರಡೂ ಕಡೆ ಬೀಗತನ. ಆದರೆ ಅತ್ತೆಯ ಮನೆ ಒಂದು ಸರ್ಕಾರದಲ್ಲಿ, ತವರು ಇನ್ನೊಂದು ಸರ್ಕಾರದಲ್ಲಿ. ಕೊಳ್ಳೇಗಾಲದ ರೈತ ತನ್ನ ಕಂದಾಯದ ತಕರಾರು ಹೇಳಿಕೊಳ್ಳಲು ಕೊಯಮತ್ತೂರಿಗೆ ಹೋಗಬೇಕು, ಅವನ ಪರವಾಗಿ ಶಾಸನಸಭೆಯಲ್ಲಿ ಮಾತಾಡುವವನು ಮದರಾಸಿಗೆ ಹೋಗಬೇಕು. ಅಲ್ಲಿ ಕನ್ನಡ ಕೇಳುವವರು ಎಷ್ಟು ಜನ? ನವೆಂಬರ್ 1ರಂದು ಆ ಗೆರೆ ಅಳಿಸಿತು. ಮಾದಪ್ಪನ ಮಲೆ ಮಹದೇಶ್ವರ ಬೆಟ್ಟವೂ ಕನ್ನಡ ರಾಜ್ಯದೊಳಗೆ ಬಂತು. ಕೊಳ್ಳೇಗಾಲದವರಿಗೆ ವಿಧಾನಸೌಧ ಎಂದರೆ ಆ ಬದಲಾವಣೆಯೇ.

ಮುಂದಿನ ವರ್ಷದ ಚುನಾವಣೆಯಲ್ಲಿ ಗುಂಡ್ಲುಪೇಟೆಯಿಂದ ಒಬ್ಬ ಹೆಣ್ಣುಮಗಳು ಆ ಮೆಟ್ಟಿಲು ಏರಿದರು. ಕೆ.ಎಸ್. ನಾಗರತ್ನಮ್ಮ. ಪ್ರಜಾಪ್ರತಿನಿಧಿ ಸಭೆಯ ಮೊದಲ ಕೂಟದಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಕಾಡಂಚಿನ, ಕೇರಳಕ್ಕೂ ತಮಿಳುನಾಡಿಗೂ ದಾರಿ ಬಿಡುವ ತಾಲ್ಲೂಕು ಗುಂಡ್ಲುಪೇಟೆ. ಅಲ್ಲಿಂದ ಅವರು ಒಟ್ಟು ಏಳು ಬಾರಿ ಗೆದ್ದರು. 1972ರ ಮಾರ್ಚಿನಲ್ಲಿ ವಿಧಾನಸಭೆ ಅವರನ್ನು ಸಭಾಧ್ಯಕ್ಷರನ್ನಾಗಿ ಆರಿಸಿತು. 1978ರವರೆಗೆ ಆ ಪೀಠದಲ್ಲಿ ಕುಳಿತರು. ಅವರಿಗಿಂತ ಮೊದಲು ಯಾವ ಮಹಿಳೆಯೂ ಅಲ್ಲಿ ಕುಳಿತಿರಲಿಲ್ಲ, ಅವರ ನಂತರವೂ ಯಾರೂ ಕುಳಿತಿಲ್ಲ. ಅರ್ಧ ಶತಮಾನ ಕಳೆದರೂ ಎರಡನೆಯ ಹೆಸರು ಸೇರದಿರುವುದು ನಮ್ಮ ರಾಜಕೀಯಕ್ಕೆ ಗೌರವ ತರುವ ಸಂಗತಿ ಅಲ್ಲ.

ಆ ಆರು ವರ್ಷಗಳು ಸಾಮಾನ್ಯವಾದವಲ್ಲ. ದೇವರಾಜ ಅರಸರು ಮುಖ್ಯಮಂತ್ರಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರ ನವೆಂಬರ್ 1ರಂದು ಬಂತು. ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚಿನಲ್ಲಿ ಜಾರಿಗೆ ಬಂತು. ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿ ಬಂತು, ತುರ್ತುಪರಿಸ್ಥಿತಿಯೂ ಬಂದು ಹೋಯಿತು. ಜಮೀನುದಾರರ ಪರ ಇದ್ದವರೂ ಗೇಣಿದಾರರ ಪರ ಇದ್ದವರೂ ಒಂದೇ ಸಭಾಂಗಣದಲ್ಲಿ ಗಂಟಲು ಹರಿಯುವಂತೆ ವಾದಿಸಿದ ಕಾಲದಲ್ಲಿ ಸಭೆಯನ್ನು ಹಿಡಿತದಲ್ಲಿಟ್ಟುಕೊಂಡು ನಡೆಸಿದವರು ಗುಂಡ್ಲುಪೇಟೆಯ ಶಾಸಕಿ.

ಅದೇ ಗುಂಡ್ಲುಪೇಟೆಯವರು ಬಿ. ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. ಕೈಪಂಪು ಬರುವ ಮೊದಲು ಬೇಸಿಗೆಯಲ್ಲಿ ಕೊಡ ಹಿಡಿದು ಮೈಲಿಗಟ್ಟಲೆ ನಡೆದ ಹೆಂಗಸರಿಗೆ ಆ ಹೆಸರು ಯಾಕೆ ಬಂತೆಂದು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಆದರೆ ಅವರ ಅದಕ್ಕೂ ದೊಡ್ಡ ಕೆಲಸ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು. ಚುನಾವಣೆ 1987ರಲ್ಲಿ ನಡೆಯಿತು. ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿತ್ತು. ಸಂವಿಧಾನದ 73ನೆಯ ತಿದ್ದುಪಡಿಗೂ ಮೊದಲಿನ ಮಾತು ಇದು. ವಿಧಾನಸೌಧದಲ್ಲಿ ಕುಳಿತವರು ಸಾಮಾನ್ಯವಾಗಿ ಅಧಿಕಾರವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅಲ್ಲಿದ್ದ ಅಧಿಕಾರವನ್ನು ಹಳ್ಳಿಗೆ ಇಳಿಸಲು ತನ್ನ ಸಚಿವಗಿರಿಯನ್ನೇ ತೊಡಗಿಸಿದ ಮನುಷ್ಯ ಇವರು. 1988ರಲ್ಲಿ ತೀರಿಕೊಂಡರು. ಇನ್ನಷ್ಟು ವರ್ಷ ಬದುಕಬೇಕಿತ್ತು.

ಹೀಗೆ ಸಭಾಧ್ಯಕ್ಷರನ್ನೂ ನೀರ್ ಸಾಬರನ್ನೂ ಕೊಟ್ಟ ಸೀಮೆಯನ್ನು ಅದೇ ಸೌಧದ ದೊಡ್ಡವರು ಅಪಶಕುನದ ಜಾಗ ಮಾಡಿಬಿಟ್ಟರು. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ಹುಟ್ಟಿತು. ಅರಸು, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲರ ಹೆಸರುಗಳನ್ನು ಸಾಕ್ಷಿ ಮಾಡಿಕೊಂಡರು. ಅವರೆಲ್ಲ ಅಧಿಕಾರ ಕಳೆದುಕೊಂಡದ್ದು ರಾಜಕೀಯ ಕಾರಣಗಳಿಂದ. ಊರು ಏನು ಮಾಡಿತ್ತು? 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರಕ್ಕೆ ಬರದೆ ಮಲೆ ಮಹದೇಶ್ವರ ಬೆಟ್ಟದಲ್ಲೇ ಉದ್ಘಾಟನೆ ನಡೆಸಿದರು. ಒಂದು ಹೊಸ ಜಿಲ್ಲೆ ಹುಟ್ಟಿದ ದಿನವೇ ಅದರ ಊರಿಗೆ ಆದ ಅವಮಾನ ಅದು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದ ಕಟ್ಟಡದಲ್ಲಿ ಕುಳಿತವರು ಸರ್ಕಾರದ ಕೆಲಸಕ್ಕೆ ಒಂದು ಊರಿಗೆ ಬರಲು ಹೆದರಿದರು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಆ ಭಯವನ್ನು ಲೆಕ್ಕಕ್ಕಿಡಲಿಲ್ಲ. ಮತ್ತೆ ಮತ್ತೆ ಚಾಮರಾಜನಗರಕ್ಕೆ ಬಂದರು, ಐದು ವರ್ಷದ ಅವಧಿ ಪೂರ್ತಿ ಮುಗಿಸಿದರು. ಆ ಮಾತು ಸುಳ್ಳಾಯಿತು.

ಈಗ ಶಾಸಕಾಂಗಕ್ಕೆ ಇನ್ನೂ ಮನೆಗಳಾಗಿವೆ. ಸೌಧದ ಪಕ್ಕದಲ್ಲೇ 2005ರಲ್ಲಿ ವಿಕಾಸಸೌಧ ಎದ್ದಿತು. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಉತ್ತರದ ಗಡಿಗೆ ಒಂದು ಸೌಧ ಸಿಕ್ಕಿತು, ವರ್ಷಕ್ಕೊಮ್ಮೆ ಅಧಿವೇಶನ ಅಲ್ಲಿಗೆ ಹೋಗುತ್ತದೆ. ದಕ್ಷಿಣದ ಗಡಿಗೆ ಅಂಥದ್ದು ಬೇಕೆಂದು ನಾನು ಕೇಳುವುದಿಲ್ಲ. ಆದರೆ ಸಭೆ ಜನರ ಕಡೆಗೆ ಬರಬೇಕು ಎಂಬುದು ಕೇಳಬೇಕಾದ ಮಾತೇ. 2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟದ ಸಭೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. 1956ರವರೆಗೆ ಮದರಾಸಿನ ಲೆಕ್ಕದಲ್ಲಿದ್ದ ಬೆಟ್ಟ ಅದು. ಸುತ್ತಲಿನ ಹಾಡಿ, ದೊಡ್ಡಿಗಳಲ್ಲಿ ರಸ್ತೆ, ಆಸ್ಪತ್ರೆ, ಶಾಲೆಗಳ ಕೇಳಿಕೆ ವರ್ಷಗಳಿಂದ ಹಾಗೇ ಬಿದ್ದಿದೆ. ಮಂತ್ರಿಗಳ ಕಾರುಗಳು ಆ ದಿನ ಆ ಹಾಡಿಗಳ ಪಕ್ಕದ ತಿರುವುಗಳನ್ನು ಏರಿಯೇ ಬೆಟ್ಟ ತಲುಪಬೇಕಾಯಿತು.